ನಾಯಕನಹಟ್ಟಿಗೆ ಬರುವವರ ಗಮನಕ್ಕೆ

ಭಾನುವಾರ ಬೆಳಿಗ್ಗೆ 6ಕ್ಕೆ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಸೇರೋಣ. ಅಲ್ಲಿನ ಸಂತ ತಿಪ್ಪೇರುದ್ರಸ್ವಾಮಿಗಳ ಪವಾಡಗಳನ್ನಷ್ಟೇ ಕೇಳಿಕೊಂಡು ಬರಬೇಡಿ. ಅವರು ಕಟ್ಟಿಸಿದರೆನ್ನುವ ಕೆರೆಗಳ ಬಗ್ಗೆ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತನ್ನು ಹಿರಿಯರು ಬಿಡಿಸಿ ಹೇಳುವ ಬಗೆಯನ್ನೂ ಬರೆದುಕೊಳ್ಳಿ.

ಯಾರ ಮೈಮೇಲಾದರೂ ದೇವರು ಬಂದರೆ ದಯವಿಟ್ಟು ಮೊಬೈಲ್ ಎತ್ತಬೇಡಿ. ಹೇಳಿಕೆ ಮುಗಿದ ಮೇಲೆ ಒಪ್ಪಿಗೆ ಪಡೆದು ಮಾತನಾಡಿಸಿ. ನಿಜವೋ ನಟನೆಯೋ ಎಂಬ ತೀರ್ಪು ನಮ್ಮ ಕೆಲಸವಲ್ಲ. ಅದರ ಹಿಂದೆ ಬಿದ್ದವರು 1882ರಲ್ಲಿ ಲಂಡನ್ನಿನಲ್ಲಿ ಸಂಘ ಕಟ್ಟಿದ ಅತೀಂದ್ರಿಯ ಸಂಶೋಧಕರು. ಪ್ರೇತಗಳನ್ನು ಕರೆಯುತ್ತೇನೆಂದ ಇಟಲಿಯ ಯುಸೇಪಿಯಾ ಪಲ್ಲಾಡಿನೊ ಸುತ್ತ ಕೂತವರು ಹಿಡಿದಿದ್ದ ಕೈಯನ್ನು ಕತ್ತಲಲ್ಲಿ ಬಿಡಿಸಿಕೊಂಡು ಮೋಸ ಮಾಡುತ್ತಿದ್ದುದನ್ನು 1895ರಲ್ಲಿ ಕೇಂಬ್ರಿಜ್‌ನಲ್ಲಿ ಪತ್ತೆಹಚ್ಚಿದರು. ಹಗಲಿನಲ್ಲಿ, ಊರೆಲ್ಲ ನೆರೆದಾಗ ಮೈಮೇಲೆ ಬರುವ ನಮ್ಮ ದೇವಿ ಅಮ್ಮನಿಗೆ ಆ ಅಳತೆಗೋಲು ಒಗ್ಗದು ಎಂಬುದು ನನ್ನ ವಾದ. ಒಪ್ಪದವರು ಬಸ್ಸಿನಲ್ಲಿ ಜಗಳಕ್ಕೆ ಬನ್ನಿ.

ಬಿಸಿಲು ಜೋರಾಗಿದೆ, ನೀರು ತನ್ನಿ.