ಹೊಸ ಜೈಲಿನ ನಕ್ಷೆಗೆ ಸಹಿ ಹಾಕುವ ಮುನ್ನ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರಗಳು.

ಪರಪ್ಪನ ಅಗ್ರಹಾರದೊಳಗಿನ ಮೊಬೈಲ್ ವಿಡಿಯೊ ಹೊರಬಿದ್ದಾಗಲೆಲ್ಲ ಸಿಬ್ಬಂದಿಯ ಅಮಾನತು, ಜಾಮರ್, ತಪಾಸಣೆಯ ಮಾತು ಕೇಳಿಬರುತ್ತದೆ. ಕಟ್ಟಡದ ನಕ್ಷೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ನನ್ನ ಅಹವಾಲು ಅದರ ಬಗ್ಗೆಯೇ.

ಫ್ರೀಡಂ ಪಾರ್ಕಿನಲ್ಲಿ ಹಳೆಯ ಸೆಂಟ್ರಲ್ ಜೈಲಿನ ಕಾವಲು ಗೋಪುರ ಇಂದಿಗೂ ನಿಂತಿದೆ. ದೂರದಿಂದ ಕಣ್ಣಿಟ್ಟರೆ ಸಾಕು ಎಂಬ ಕಾಲದ ಕಟ್ಟಡ ಅದು. ಜೈಲು ಊರಾಚೆಗೆ ಹೋಯಿತು, ಆ ನಂಬಿಕೆ ಹಾಗೇ ಉಳಿಯಿತು. ಸಂಜೆ ಬ್ಯಾರಕ್ಕಿಗೆ ಬೀಗ ಬಿದ್ದರೆ ವಾರ್ಡರ್ ಸರಳಿನಾಚೆ. ಒಳಗೆ ಬಲವಿದ್ದವನದೇ ದರ್ಬಾರು. ಮೊದಲ ಸಲ ಒಳಹೋದ ಹುಡುಗ ಮಲಗುವ ಜಾಗಕ್ಕೂ ಅವನ ಮುಖ ನೋಡಬೇಕು.

ಅಮೆರಿಕದಲ್ಲಿ 1970ರ ದಶಕದ ನಡುವೆ ಷಿಕಾಗೊ, ನ್ಯೂಯಾರ್ಕ್, ಸ್ಯಾನ್ ಡಿಯಾಗೊದ ಫೆಡರಲ್ ಜೈಲುಗಳು, 1981ರಲ್ಲಿ ಕ್ಯಾಲಿಫೋರ್ನಿಯಾದ ಮಾರ್ಟಿನೆಜ್‌ನಲ್ಲಿರುವ ಕಾಂಟ್ರಾ ಕೋಸ್ಟಾ ಕೌಂಟಿ ಜೈಲು ಬೇರೆ ದಾರಿ ಹಿಡಿದವು. ಸುಮಾರು 50 ಮಂದಿಗೊಂದು ಘಟಕ, ನಡುವೆ ಹಜಾರ, ಸುತ್ತ ಕೋಣೆಗಳು. ಅಧಿಕಾರಿ ಗಾಜಿನ ಹಿಂದೆ ಕೂರುವುದಿಲ್ಲ. ಪಾಳಿ ಮುಗಿಯುವವರೆಗೂ ಅದೇ ಹಜಾರದಲ್ಲಿ, ಕೈದಿಗಳ ನಡುವೆಯೇ ಇರುತ್ತಾನೆ. ಇದೇ ನೇರ ಮೇಲ್ವಿಚಾರಣೆ. ಯಾರು ಊಟ ಬಿಟ್ಟರು, ಯಾರು ಯಾರನ್ನು ಹೆದರಿಸುತ್ತಿದ್ದಾರೆ ಎಂಬುದು ಅವನಿಗೆ ಗೊತ್ತಿರುತ್ತದೆ. ಜಗಳ ಕೈಗೆ ಹೋಗುವ ಮೊದಲೇ ಮಾತಿನಲ್ಲಿ ತಡೆಯುತ್ತಾನೆ. ಉಕ್ಕಿನ ಬೆಂಚಿನ ಬದಲು ಮಾಮೂಲಿ ಕುರ್ಚಿ ಹಾಕಿದರು. ಮುರಿದುಹಾಕುತ್ತಾರೆಂಬ ಭಯ ನಿಜವಾಗಲಿಲ್ಲ.

ನಕ್ಷೆಯೊಂದೇ ಸಾಲದು ಸ್ವಾಮಿ. ಅದೇ ನ್ಯೂಯಾರ್ಕ್ ಜೈಲಿನಲ್ಲಿ 2019ರಲ್ಲಿ ಲೈಂಗಿಕ ಅಪರಾಧಗಳ ವಿಚಾರಣಾಧೀನ ಕೈದಿ, ಸಿರಿವಂತ ಜೆಫ್ರಿ ಎಪ್‌ಸ್ಟೀನ್ ಸತ್ತ ರಾತ್ರಿ, ಪ್ರತ್ಯೇಕ ಘಟಕದ ಕಾವಲಿನವರು ಸುತ್ತು ಹಾಕದೆಯೇ ಹಾಕಿದೆವೆಂದು ದಾಖಲೆ ಬರೆದಿದ್ದರು. ಸಿಬ್ಬಂದಿ ಕೊರತೆಯಿಂದ ಓವರ್‌ಟೈಮ್ ಮಾಡಿ ದಣಿದವರು ಅವರು. 2021ರಲ್ಲಿ ಆ ಜೈಲೇ ಮುಚ್ಚಿತು.

ನಮ್ಮ 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಕೈದಿಗಳಿಗೊಬ್ಬ ಕಾವಲು ಸಿಬ್ಬಂದಿ ಇರಬೇಕೆನ್ನುತ್ತದೆ. ಖಾಲಿ ಹುದ್ದೆ ತುಂಬದೆ ಕಟ್ಟಿದ ಹೊಸ ಜೈಲಿನಲ್ಲೂ ಹಳೆಯ ದರ್ಬಾರೇ ನಡೆಯುತ್ತದೆ. 2022ರ ಅಂಕಿಅಂಶದಂತೆ ದೇಶದ ಕೈದಿಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಅಪರಾಧ ಸಾಬೀತಾಗದ ಇವರನ್ನು ಒಳಗಿನ ರೌಡಿಗಳ ಕೈಗೆ ಒಪ್ಪಿಸುವ ಹಕ್ಕು ಸರ್ಕಾರಕ್ಕಿಲ್ಲ.

ಮುಂದೆ ನಿಮ್ಮ ಮೇಜಿಗೆ ಬರುವ ಜೈಲಿನ ನಕ್ಷೆಯಲ್ಲಿ ಮೊದಲ ಸಲ ಬಂದ ವಿಚಾರಣಾಧೀನರಿಗೆ ನೇರ ಮೇಲ್ವಿಚಾರಣೆಯ ಇಂಥದೊಂದು ಘಟಕ ಸೇರಿಸಿ. ಅಲ್ಲಿ ಕೆಲಸ ಮಾಡುವ ವಾರ್ಡರ್‌ಗಳಿಗೆ ಲಾಠಿಗಿಂತ ಮೊದಲು ಮಾತಿನ ತರಬೇತಿ ಕೊಡಿ. ಪ್ರತಿ ಪಾಳಿಗೂ ಜನ ಇದ್ದಾರೆಂದು ಖಾತ್ರಿಯಾದ ಮೇಲೆಯೇ ಬಾಗಿಲು ತೆರೆಯಿರಿ.

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ