ಹೋಗುವ ಮೊದಲೇ ಟಿಕೆಟ್ ದುಡ್ಡು ಕೊಡಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಒಂದು ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕ. ಕಾಯಂ ನೌಕರ ಅಲ್ಲದ್ದರಿಂದ ಮಂತ್ರಿಗಳಿಗೆ ಬಹಿರಂಗ ಪತ್ರ ಬರೆಯುವ ಧೈರ್ಯ ಸ್ವಲ್ಪ ಜಾಸ್ತಿ. ಕೇಳುವುದು ಒಂದೇ ವಿಷಯ. ಹೊರದೇಶದ ಸಾಹಿತ್ಯ ಬೇಸಿಗೆ ಶಾಲೆಗಳಿಗೆ ಆಯ್ಕೆಯಾಗುವ ನಮ್ಮ ಹುಡುಗ ಹುಡುಗಿಯರಿಗೆ ಪ್ರಯಾಣದ ಖರ್ಚು ಕೊಡಿ. ಹೋಗಿ ಬಂದು ಬಿಲ್ ತೋರಿಸಿದ ಮೇಲೆ ಅಲ್ಲ. ಹೋಗುವ ಮೊದಲು.

ಈ ಬೇಸಿಗೆ ಶಾಲೆ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಐರ್ಲೆಂಡಿನ ವಾಯವ್ಯ ಮೂಲೆಯಲ್ಲಿ ಸ್ಲೈಗೋ ಅಂತ ಒಂದು ಊರಿದೆ. ಜನ ಸುಮಾರು 20 ಸಾವಿರ. ನಮ್ಮ ತೀರ್ಥಹಳ್ಳಿಗಿಂತ ಸ್ವಲ್ಪ ದೊಡ್ಡದು ಅಂದುಕೊಳ್ಳಿ. ಕವಿ ಯೇಟ್ಸ್ ಅವರ ತಾಯಿಯ ತವರು ಅದು. ಅವರು ಸತ್ತಿದ್ದು 1939ರಲ್ಲಿ, ಫ್ರಾನ್ಸಿನಲ್ಲಿ. 1948ರಲ್ಲಿ ತಂದು ಅಲ್ಲೇ ಪಕ್ಕದ ಡ್ರಮ್‌ಕ್ಲಿಫ್ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಆ ಊರಿನ ಯೇಟ್ಸ್ ಸೊಸೈಟಿ 1960ರಿಂದ ಬೇಸಿಗೆ ಶಾಲೆ ನಡೆಸಿಕೊಂಡು ಬಂದಿದೆ. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಸಣ್ಣ ಗುಂಪಿನಲ್ಲಿ ಚರ್ಚೆ, ಸಂಜೆ ಕವಿತೆ ಓದು. ನೊಬೆಲ್ ಪಡೆದ ಸೀಮಸ್ ಹೀನಿಯಂಥವರು ಅಲ್ಲಿ ಬಂದು ಓದಿದ್ದಾರೆ, ಮಾತಾಡಿದ್ದಾರೆ. ಇಟಲಿಯ ಟ್ರಿಯೆಸ್ಟ್‌ನಲ್ಲಿ ಜೇಮ್ಸ್ ಜಾಯ್ಸ್ ಹೆಸರಲ್ಲಿ ಇಂಥದೇ ಒಂದು ಶಾಲೆ ಇದೆ. ಇಂಗ್ಲೆಂಡಿನ ನಾರಿಚ್‌ನಲ್ಲಿ ಅನುವಾದಕರಿಗೆ ಅಂತಲೇ ಒಂದು ವಾರದ ಶಾಲೆ ನಡೆಯುತ್ತದೆ.

ನಮ್ಮಲ್ಲಿ ಇಂಥದ್ದು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ಸಂಸ್ಕೃತಿ ಶಿಬಿರಕ್ಕೆ ಹೋಗಿ ಬಂದ ವಿದ್ಯಾರ್ಥಿ ತರಗತಿಯಲ್ಲಿ ಕೂರುವ ರೀತಿಯೇ ಬೇರೆ. ಪ್ರಶ್ನೆ ಕೇಳುತ್ತಾನೆ, ಮೇಷ್ಟ್ರನ್ನು ಸುಮ್ನೆ ಬಿಡುವುದಿಲ್ಲ. ಅದನ್ನು ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು. ಈಗ ಪ್ರತಿವರ್ಷ ಜನವರಿ ಬಂತೆಂದರೆ ಒಂದಿಬ್ಬರನ್ನು ಕೂರಿಸಿಕೊಂಡು ಅರ್ಜಿ ತುಂಬಿಸುತ್ತೇನೆ.

ಅರ್ಜಿ ದೊಡ್ಡ ಕಷ್ಟವೇನಲ್ಲ. ಒಂದು ಪುಟ ‘ಯಾಕೆ ಬರಬೇಕು’ ಅಂತ ಬರೆಯಬೇಕು, ಒಬ್ಬ ಮೇಷ್ಟ್ರ ಶಿಫಾರಸು ಬೇಕು. ನಮ್ಮ ಮಕ್ಕಳು ಮೊದಲ ಸಲ ಬರೆಯುವುದು ಒಂದೇ ವಾಕ್ಯ: ‘ಚಿಕ್ಕಂದಿನಿಂದಲೂ ನನಗೆ ಸಾಹಿತ್ಯದಲ್ಲಿ ಅಪಾರ ಆಸಕ್ತಿ.’ ಅದನ್ನು ಹೊಡೆದು ಹಾಕು, ನಿನಗೇ ಗೊತ್ತಿರುವುದನ್ನು ಬರೆ ಅಂತೀನಿ. ಗೂಡ್ಸ್ ಆಟೋ ಓಡಿಸುವವರ ಮಗಳೊಬ್ಬಳು ಹಾಗೆ ಬರೆದಳು. ಯೇಟ್ಸ್ ಐರ್ಲೆಂಡಿನ ಹಳ್ಳಿಗರ ದೆವ್ವದ ಕಥೆ ಕೂಡಿಸಿದ್ದರಲ್ಲ, ಅದನ್ನು ಲೈಬ್ರರಿಯಲ್ಲಿ ಓದಿದ್ದಳು. ಅದರ ಪಕ್ಕದಲ್ಲಿ ಅವಳಜ್ಜಿ ಹೇಳುತ್ತಿದ್ದ ಕೊಳ್ಳಿದೆವ್ವದ ಕಥೆ ಇಟ್ಟಳು. ಎರಡೂ ಕಡೆ ದೆವ್ವ ಕೆರೆ ಏರಿ, ಗದ್ದೆ ಬದುವಿನ ಹತ್ತಿರವೇ ಯಾಕೆ ಕಾಣಿಸುತ್ತದೆ, ಮನೆಯೊಳಗೆ ಯಾಕೆ ಬರುವುದಿಲ್ಲ ಅಂತ ಕೇಳಿದಳು. ಅಷ್ಟೇ. ಶುಲ್ಕ ಪೂರ್ತಿ ಮಾಫಿ ಅಂತ ಇಮೇಲ್ ಬಂತು.

ಕಾಲೇಜಿನಲ್ಲಿ ಸಿಹಿ ಹಂಚಿದೆವು. ನಿಜವಾದ ತಾಪತ್ರಯ ಶುರುವಾಗಿದ್ದು ಆಮೇಲೆ.

ಇಂಥ ಸ್ಕಾಲರ್‌ಶಿಪ್‌ಗಳಲ್ಲಿ ಹೆಚ್ಚಿನವು ಶುಲ್ಕ ಬಿಡುತ್ತವೆ, ಕೆಲವು ಕಡೆ ಉಳಿಯಲು ಕೋಣೆಯನ್ನೂ ಕೊಡುತ್ತಾರೆ. ವಿಮಾನದ ಟಿಕೆಟ್, ವೀಸಾ, ಇನ್ಶೂರೆನ್ಸ್, ಊಟ ನಮ್ಮದೇ. ನನ್ನ ಲೆಕ್ಕದಲ್ಲಿ ಒಬ್ಬರಿಗೆ ಎರಡರಿಂದ ಎರಡೂವರೆ ಲಕ್ಷ ಬೇಕು. ಅರ್ಜಿಯಲ್ಲೇ ಒಂದು ಕಾಲಂ ಇರುತ್ತದೆ, ಉಳಿದ ಖರ್ಚು ಹೇಗೆ ಹೊಂದಿಸುತ್ತೀರಿ ಅಂತ. ಆ ಹುಡುಗಿ ಅಲ್ಲಿ ‘ಕುಟುಂಬ’ ಅಂತ ಬರೆದಿದ್ದಳು. ಪಾಪ, ಇನ್ನೇನು ಬರೆಯಬೇಕಿತ್ತು?

ವೀಸಾ ವಿಷಯ ಕೇಳಿ. ಐರ್ಲೆಂಡಿನವರು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಖಾತೆಗೆ ಇದ್ದಕ್ಕಿದ್ದಂತೆ ದೊಡ್ಡ ಮೊತ್ತ ಬಂದಿದ್ದರೆ ಅದು ಎಲ್ಲಿಂದ ಬಂತು ಅಂತ ವಿವರಣೆ ಕೊಡಬೇಕು. ಈಗ ಒಬ್ಬ ಆಟೋ ಡ್ರೈವರ್ ಪಾಸ್‌ಬುಕ್ ನೆನೆಸಿಕೊಳ್ಳಿ. ಸಂಘದ ಕಂತು ಕಟ್ಟಿದ್ದು, ಗೃಹಲಕ್ಷ್ಮಿ ಹಣ ಅಮ್ಮನ ಖಾತೆಯಿಂದ ಬಂದಿದ್ದು, ಡೀಸೆಲ್‌ಗೆ ಫೋನ್‌ಪೇ ಮಾಡಿದ್ದು. ತಿಂಗಳ ಕೊನೆಗೆ ನಾಲ್ಕಂಕಿ ಉಳಿದರೆ ಹೆಚ್ಚು. ಅದರ ಮಧ್ಯೆ ಮಾವನೋ ಚಿಕ್ಕಪ್ಪನೋ ಒಡವೆ ಅಡವಿಟ್ಟು ಎರಡು ಲಕ್ಷ ಹಾಕಿದರೆ ಆ ಸಾಲೇ ಎದ್ದು ಕಾಣುತ್ತದೆ. ಅದೇ ಜಾಗದಲ್ಲಿ ‘ಈ ಅಭ್ಯರ್ಥಿಯ ಖರ್ಚನ್ನು ಕರ್ನಾಟಕ ಸರ್ಕಾರ ಭರಿಸುತ್ತದೆ’ ಎಂದು ಲೆಟರ್‌ಹೆಡ್ಡಿನಲ್ಲಿ ಒಂದು ಕಾಗದ ಇದ್ದರೆ? ದುಡ್ಡಿಗಿಂತ ಆ ಕಾಗದಕ್ಕೇ ಒಮ್ಮೊಮ್ಮೆ ಬೆಲೆ ಜಾಸ್ತಿ.

ಕಾಗದ ಕೇಳಿಕೊಂಡು ನಾವು ಒಂದು ಕಚೇರಿಗೆ ಹೋದೆವು. ಯಾವುದು ಅಂತ ಹೇಳುವುದಿಲ್ಲ, ಅಲ್ಲಿ ಕೂತವರು ಒಳ್ಳೆಯವರೇ. ಕೂರಿಸಿ ಕಾಫಿ ಕೊಟ್ಟರು. ‘ಹೋಗಿ ಬನ್ನಿ ಸಾರ್, ಬೋರ್ಡಿಂಗ್ ಪಾಸ್ ಜೋಪಾನ ಮಾಡಿಕೊಳ್ಳಿ, ಬಂದ ಮೇಲೆ ಬಿಲ್ ಸಮೇತ ಅರ್ಜಿ ಹಾಕಿ, ಅನುದಾನ ಇದ್ದರೆ ನೋಡೋಣ’ ಅಂದರು. ಎರಡೂವರೆ ಲಕ್ಷ ಕೈಯಿಂದ ಹಾಕಿ ವರ್ಷಗಟ್ಟಲೆ ಕಾಯುವ ತಾಕತ್ತಿದ್ದವರು ಆ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರಾ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ ಇದು. ಹುಡುಗಿ ಹೋಗಲಿಲ್ಲ. ಈಗ ಬಿ.ಎಡ್. ಮಾಡುತ್ತಿದ್ದಾಳೆ.

ತಿಂಗಳುಗಳ ಲೆಕ್ಕವೂ ಕೂಡುವುದಿಲ್ಲ. ಅಲ್ಲಿ ವರ್ಷದ ಮೊದಲಲ್ಲಿ ಅರ್ಜಿ, ಏಪ್ರಿಲ್ ಮೇ ಹೊತ್ತಿಗೆ ಉತ್ತರ, ಜುಲೈನಲ್ಲಿ ಶಾಲೆ. ನಮ್ಮ ಸರ್ಕಾರಕ್ಕೆ ವರ್ಷ ಶುರುವಾಗುವುದೇ ಏಪ್ರಿಲ್‌ನಲ್ಲಿ. ಮಾರ್ಚ್‌ನಲ್ಲಿ ಕೇಳಿದರೆ ಈ ವರ್ಷದ ಹಣ ಮುಗಿದಿರುತ್ತದೆ, ಮೇ ತಿಂಗಳಲ್ಲಿ ಕೇಳಿದರೆ ಹೊಸ ಹಣ ಬಂದಿರುವುದಿಲ್ಲ. (ನಮ್ಮಲ್ಲಿ ಜುಲೈ ಅಂದರೆ ಸೆಮಿಸ್ಟರ್ ಪರೀಕ್ಷೆಯ ಗಲಾಟೆ ಬೇರೆ. ಅದನ್ನು ಉನ್ನತ ಶಿಕ್ಷಣ ಸಚಿವರಿಗೆ ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ.)

ಬೇರೆ ಯೋಜನೆಗಳಿವೆಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಇವೆ. ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯಿಂದ ಪರಿಶಿಷ್ಟ ಸಮುದಾಯಗಳ ಮಕ್ಕಳು ಹೊರದೇಶದಲ್ಲಿ ಓದಿದ್ದಾರೆ, ಅದು ಒಳ್ಳೆಯ ಕೆಲಸ. ಆದರೆ ಅದು ಡಿಗ್ರಿಗೆ. ಹತ್ತು ದಿನದ ಶಾಲೆ ಅದರ ಯಾವ ಕಾಲಂನಲ್ಲೂ ಕೂರುವುದಿಲ್ಲ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಸ್ನಾತಕೋತ್ತರ ಪದವಿ, ಪಿಎಚ್‌.ಡಿ.ಗೆ ಮಾತ್ರ. 2022ರಲ್ಲಿ ಅದರ ನಿಯಮ ಬದಲಾಗಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸದ ವಿಷಯ ತೆಗೆದುಕೊಂಡವರಿಗೆ ಕೊಡುವುದಿಲ್ಲ ಅಂತಲೂ ಆಯಿತು. ಕನ್ನಡದ ಜಾನಪದವನ್ನೋ ವಚನವನ್ನೋ ಹಿಡಿದುಕೊಂಡು ಹೊರಟವರಿಗೆ ಆ ಬಾಗಿಲೂ ಮುಚ್ಚಿತು.

ಯೇಟ್ಸ್ ಶಾಲೆಗೆ ಕನ್ನಡ ಸಂಸ್ಕೃತಿ ಇಲಾಖೆ ಯಾಕೆ ದುಡ್ಡು ಕೊಡಬೇಕು? ಕಡತದಲ್ಲಿ ಯಾರಾದರೂ ಈ ಪ್ರಶ್ನೆ ಬರೆದೇ ಬರೆಯುತ್ತಾರೆ. ಅವರಿಗೆ 1924ರ ಮೈಸೂರು ನೆನಪು ಮಾಡಿಕೊಡಿ. ಆಗ ಕುವೆಂಪು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ವಿದ್ಯಾರ್ಥಿ. ಅವರ ಪದ್ಯ ನೋಡಿ ‘ನಿಮ್ಮ ಭಾಷೆಯಲ್ಲಿ ಬರೆಯಿರಿ’ ಎಂದು ಹೇಳಿದವರು ಜೇಮ್ಸ್ ಕಸಿನ್ಸ್. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಡಬ್ಲಿನ್ನಿನಲ್ಲಿ ಯೇಟ್ಸ್ ಮತ್ತವರ ಗೆಳೆಯರ ಒಡನಾಟದಲ್ಲಿದ್ದು, 1915ರಲ್ಲಿ ಭಾರತಕ್ಕೆ ಬಂದ ಐರಿಷ್ ಕವಿ. ಮುಂದೆ ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಐರ್ಲೆಂಡಿನಿಂದ ಬಂದ ಒಬ್ಬ ಮನುಷ್ಯನಿಂದ ನಮಗೆ ಅಷ್ಟು ಲಾಭ ಆಗಿದೆ. ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ನಾವು ಅಲ್ಲಿಗೆ ಕಳಿಸಿದರೆ ಲೆಕ್ಕ ಸರಿಹೋಗುತ್ತದೆ, ಅಲ್ವಾ?

ಆಮೇಲಿನವರನ್ನೂ ನೋಡಿ. ಅನಂತಮೂರ್ತಿ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಸಿಕ್ಕಿ 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದರು. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಸಿನಿಮಾ ನೋಡಿದ್ದು ಅಲ್ಲಿ, ದೂರ್ವಾಸಪುರದ ಅಗ್ರಹಾರದ ಕಥೆ ‘ಸಂಸ್ಕಾರ’ ಬರೆದಿದ್ದೂ ಅಲ್ಲಿ ಕೂತು. ಕಾರ್ನಾಡರು 1960ರಲ್ಲಿ ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡಿಗೆ ಹೋದರು. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಮೇಲೆ ಅಮೆರಿಕಕ್ಕೆ ಹೋದರು, ವಚನಗಳನ್ನು ಜಗತ್ತು ಓದುವ ಹಾಗೆ ಮಾಡಿದರು. ಮೂವರನ್ನೂ ಕಳಿಸಿದ್ದು ಯಾರದೋ ದುಡ್ಡು. ನಮ್ಮದಲ್ಲ.

ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದಾಗ ಸರ್ಕಾರ ತಲಾ 10 ಲಕ್ಷ ಕೊಟ್ಟು ಗೌರವಿಸಿತು. ಕೊಡಲೇಬೇಕಿತ್ತು, ನಾನೂ ಚಪ್ಪಾಳೆ ಹೊಡೆದೆ. ಆದರೆ ಅದೇ ಪ್ರಶಸ್ತಿ 2016ರಲ್ಲಿ ಕೊರಿಯಾದ ಹಾನ್ ಕಾಂಗ್ ಅವರಿಗೂ ಅವರ ಅನುವಾದಕಿಗೂ ಬಂದಿತ್ತು. 2024ರಲ್ಲಿ ಹಾನ್ ಕಾಂಗ್ ಅವರಿಗೇ ನೊಬೆಲ್ ಬಂತು. ಕೊರಿಯಾ ಸರ್ಕಾರ ಅನುವಾದಕ್ಕೆ ಅಂತಲೇ ದುಡ್ಡು ಎತ್ತಿಡಲು ಶುರು ಮಾಡಿದ್ದು 1996ರಲ್ಲಿ, ಪ್ರಶಸ್ತಿಗೆ 20 ವರ್ಷ ಮೊದಲು. ಆ ಸರ್ಕಾರದ ಸಾಹಿತ್ಯ ಅನುವಾದ ಸಂಸ್ಥೆ ಅನುವಾದ ಕಲಿಸುವ ಶಾಲೆಯನ್ನೂ ನಡೆಸುತ್ತದೆ, ನಾರಿಚ್ ಬೇಸಿಗೆ ಶಾಲೆಯ ಕೊರಿಯನ್ ತರಗತಿಗೂ ನೆರವು ಕೊಟ್ಟಿದೆ. ಗೆದ್ದವರಿಗೆ ಹಾರ ಹಾಕುವುದು ನಮಗೆ ಚೆನ್ನಾಗಿ ಬರುತ್ತದೆ. ಕಲಿಯಲು ಹೊರಟವರ ಬಸ್ ಚಾರ್ಜು ಕೊಡುವುದರಲ್ಲಿ ಮಾತ್ರ ಕೈ ಬಿಗಿ.

ನನ್ನ ಬೇಡಿಕೆ ದೊಡ್ಡದಲ್ಲ. ವರ್ಷಕ್ಕೆ 20 ಜನ, ಒಬ್ಬರಿಗೆ ಎರಡೂವರೆ ಲಕ್ಷ, ಒಟ್ಟು 50 ಲಕ್ಷ. ಆಯ್ಕೆ ಸಮಿತಿ, ಸಂದರ್ಶನ ಎಲ್ಲ ಬೇಡ. ಸಮಿತಿ ಅಂದರೆ ಫೋನ್ ಬರುತ್ತವೆ, ನಿಮಗೂ ಗೊತ್ತು. ಆ ಶಾಲೆಯವರು ಅರ್ಜಿ ಓದಿ, ಸೀಟು ಕೊಟ್ಟು, ಶುಲ್ಕವನ್ನೂ ಬಿಟ್ಟಿದ್ದಾರೆ ಅಂದರೆ ಪರೀಕ್ಷೆ ಆಗಿಹೋಗಿದೆ. ನಿಮ್ಮವರು ನೋಡಬೇಕಾದ್ದು ಎರಡೇ: ಮನೆಯ ಆದಾಯ ಎಷ್ಟು, ಅಭ್ಯರ್ಥಿಗೆ ಕನ್ನಡ ಓದಿ ಬರೆಯಲು ಬರುತ್ತದಾ. ಅರ್ಜಿ ಕೊಟ್ಟ 15 ದಿನಕ್ಕೆ ಮಂಜೂರಾತಿ ಪತ್ರ ಕೊಡಿ, ವೀಸಾಗೆ ಅದು ಬೇಕು. ಟಿಕೆಟ್ಟನ್ನು ಇಲಾಖೆಯೇ ನೇರವಾಗಿ ಬುಕ್ ಮಾಡಲಿ, ದುಡ್ಡು ದುರುಪಯೋಗ ಆಗುತ್ತದೆ ಎಂಬ ಭಯವೂ ಇರುವುದಿಲ್ಲ. ವೀಸಾ ಸಿಗದೇ ಹೋದರೆ ಆ ಶುಲ್ಕವನ್ನು ಹುಡುಗರಿಂದ ವಸೂಲಿ ಮಾಡಬೇಡಿ.

ಬದಲಿಗೆ ಅವರಿಂದ ಕೆಲಸ ತೆಗೆದುಕೊಳ್ಳಿ. ಹೋಗಿ ಬಂದವರು ಅಲ್ಲಿ ಕೇಳಿದ ಒಂದು ಉಪನ್ಯಾಸದ ವಿಷಯ ಹಿಡಿದು ಕನ್ನಡದಲ್ಲಿ ಒಂದು ಲೇಖನ ಬರೆಯಲಿ, ಯಾವುದಾದರೂ ತಾಲ್ಲೂಕು ಕಾಲೇಜಿನಲ್ಲಿ ಎರಡು ದಿನ ತರಗತಿ ತೆಗೆದುಕೊಳ್ಳಲಿ. ನಾಲ್ಕೈದು ವರ್ಷ ಕಳೆದರೆ ಅವರನ್ನೇ ಕಟ್ಟಿಕೊಂಡು ಕುಪ್ಪಳಿಯಲ್ಲೋ ಧಾರವಾಡದ ಸಾಧನಕೇರಿಯಲ್ಲೋ ನಮ್ಮದೇ ಒಂದು ಬೇಸಿಗೆ ಶಾಲೆ ಮಾಡಬಹುದು. ಸ್ಲೈಗೋದಿಂದ ಯಾರಾದರೂ ಬೇಂದ್ರೆ ಓದಲು ಅರ್ಜಿ ಹಾಕಿದರೆ ಅವರ ಶುಲ್ಕ ನಾವು ಬಿಡೋಣ. ಟಿಕೆಟ್ ಅವರ ಸರ್ಕಾರ ನೋಡಿಕೊಳ್ಳಲಿ.

ಬಜೆಟ್ ಫೆಬ್ರವರಿ ಮಾರ್ಚ್‌ನಲ್ಲಿ ಮಂಡನೆಯಾಗುತ್ತದೆ. ಇಲಾಖೆಯ ಪ್ರಸ್ತಾವ ಅದಕ್ಕೂ ಮೊದಲೇ ಹೋಗಿರಬೇಕು. ಏಪ್ರಿಲ್ ಮೊದಲ ವಾರದಲ್ಲಿ ಮೊದಲ ಮಂಜೂರಾತಿ ಪತ್ರ ಹೊರಡುವಂತೆ ಆದೇಶದಲ್ಲೇ ಬರೆಸಿ. ಈ ಜನವರಿಯಲ್ಲಿ ನನ್ನ ಹತ್ತಿರ ಇಬ್ಬರು ಅರ್ಜಿ ತುಂಬಲು ಕೂರುತ್ತಾರೆ. ಉಳಿದ ಖರ್ಚು ಯಾರು ಕೊಡುತ್ತಾರೆ ಎಂಬ ಕಾಲಂನಲ್ಲಿ ಏನು ಬರೆಸಲಿ ಅಂತ ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅತಿಥಿ ಉಪನ್ಯಾಸಕ