ಮಾಳಿಗೆಯೂ ರಾಗಿಯೂ

ಪ್ರೀತಿಯ ತಮ್ಮಾ,

ನಿನ್ನ ಲೇಖನ ತಲುಪಿತು. ಶಿಶುನಾಳ ಷರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಪದಕ್ಕೆ ಎಂಟು ಪುಟ ಅರ್ಥ ಬರೆದಿದ್ದೀಯೆ. ಮನೆ ಎಂದರೆ ದೇಹ, ತೊಲೆ ಎಂದರೆ ಬೆನ್ನುಮೂಳೆ, ಜಂತಿ ಎಂದರೆ ಪಕ್ಕೆಲುಬು, ಕೀಲು ಎಂದರೆ ಮೊಣಕಾಲು. ಓದುತ್ತಾ ಹೋದಂತೆ ಮೂಳೆ ಡಾಕ್ಟರರ ಗೋಡೆಗೆ ತೂಗುಹಾಕಿದ ಚಿತ್ರ ನೆನಪಾಯಿತು. ಬೇಸರ ಮಾಡಿಕೊಳ್ಳಬೇಡ, ನಿನ್ನ ವಯಸ್ಸಿನಲ್ಲಿ ನಾನೂ ಇದೇ ಕೆಲಸ ಮಾಡಿದವನು.

ಎರಡನೆಯ ಅರ್ಥ ಇಲ್ಲವೆಂದು ಯಾರು ಹೇಳಿದರು? ‘ಅಜ್ಞಾನದಿಂದ’ ಎಂಬ ಒಂದೇ ಮಾತಿನಲ್ಲಿ ಷರೀಫರು ಬೀಗದ ಕೈ ಕೊಟ್ಟುಬಿಟ್ಟಿದ್ದಾರೆ. ಮಾಳಿಗೆ ಸೋರುವುದು ಮಳೆಯಿಂದ. ಅಜ್ಞಾನದಿಂದ ಸೋರುವ ಮನೆ ಬೇರೆಯದು. ಬೀಗದ ಕೈ ಸಿಕ್ಕ ಮೇಲೂ ನೀನು ಬಾಗಿಲು ಒಡೆಯಲು ಹೊರಟಿದ್ದೀಯೆ. ಅದಕ್ಕಿಂತ ಆ ಮನೆಯೊಳಗೆ ಸ್ವಲ್ಪ ಹೊತ್ತು ಕುಳಿತುಕೊಳ್ಳಬಾರದಿತ್ತೆ? ತೊಲೆಯ ಮೇಲೆ ಜಂತಿ, ಅದರ ಮೇಲೆ ಬಡಿದು ಕೂರಿಸಿದ ಮಣ್ಣು. ಸೋರುವುದು ಕಾಣುವುದು ಒಳಗಿನಿಂದ, ಸರಿಮಾಡಬೇಕಾದದ್ದು ಮೇಲೆ ಹತ್ತಿ. ಕತ್ತಲಲ್ಲಿ ಹತ್ತುವುದು ಹೇಗೆ? ‘ಮೇಲಕೇರಿ ಹೋಗಲಾರೆ’ ಎಂಬ ಮಾತಿನ ಸಂಕಟ ಇರುವುದು ಇಲ್ಲಿ. ನಿನ್ನ ಎಂಟು ಪುಟಗಳಲ್ಲಿ ಮಳೆಯ ಒಂದು ಹನಿಯೂ ಬಿದ್ದಿಲ್ಲ.

ಇನ್ನೊಂದು ಬಗೆಯ ಹಾಡಿದೆ. ಅಲ್ಲಿ ಅರ್ಥ ಅಡಗಿರುವುದು ಚಿತ್ರದಲ್ಲಲ್ಲ, ಸಂಧಿಯಲ್ಲಿ. ಪುರಂದರದಾಸರ ‘ರಾಗಿ ತಂದಿರಾ’ ನಿನಗೆ ಬಾಯಿಪಾಠವಿರಬೇಕು. ಭಿಕ್ಷೆಗೆ ನಿಂತ ದಾಸರು ರಾಗಿ ಕೇಳುತ್ತಾರೆ, ಹಿಂದೆಯೇ ‘ಯೋಗ್ಯರಾಗಿ, ಭೋಗ್ಯರಾಗಿ’ ಎನ್ನುತ್ತಾರೆ. ಯೋಗ್ಯರು, ಆಗಿ. ಎರಡೂ ಸೇರುವಾಗ ಉಕಾರ ಬಿದ್ದುಹೋಗಿ ರಾಗಿ ಉದುರುತ್ತದೆ. ಲೋಪಸಂಧಿಯೆಂದು ಶಾಲೆಯಲ್ಲಿ ಕಲಿತದ್ದೇ. ಆದರೆ ಒಂದು ಪ್ರಯೋಗ ಮಾಡಿ ನೋಡು: ಅದನ್ನೇ ಏಕವಚನದಲ್ಲಿ ಹೇಳು. ‘ಯೋಗ್ಯನಾಗು.’ ರಾಗಿ ಮಾಯ! ಆ ‘ರ’ಕಾರ ಬಂದದ್ದು ಬಹುವಚನದಿಂದ, ಮನೆಯವರನ್ನು ‘ನೀವು’ ಎಂದು ಕರೆದದ್ದರಿಂದ. ಬೇಡುವವನು ಮರ್ಯಾದೆ ಕೊಟ್ಟು ಮಾತನಾಡಿದ್ದಕ್ಕೇ ಕಾಳು ಜೋಳಿಗೆಗೆ ಬಿತ್ತು. ಇಷ್ಟು ಕಂಡುಕೊಳ್ಳಲು ನನಗೆ ಮೂವತ್ತು ವರ್ಷ ಬೇಕಾಯಿತು, ನಗಬೇಡ.

ಸಂಸ್ಕೃತದಲ್ಲಿ ರಾಗಿ ಎಂದರೆ ಅನುರಾಗವುಳ್ಳವನು, ವಿರಾಗಿಗೆ ಎದುರು ಎಂದು ಯಾರಾದರೂ ಹೇಳಿಯಾರು. ನಿಘಂಟು ಒಪ್ಪುತ್ತದೆ. ಹಾಡು ಒಪ್ಪಬೇಕಲ್ಲ? ಮುಂದಿನ ಸಾಲುಗಳು ಅನ್ನದಾನದ ಕಡೆಗೆ ನಡೆಯುತ್ತವೆ. ಭಿಕ್ಷೆಯ ಜೋಳಿಗೆ ಕಣ್ಣೆದುರೇ ಇರುತ್ತದೆ. ನಾನಾದರೆ ಆ ಮೂರನೆಯ ಅರ್ಥವನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತೇನೆ.

ಹಾಡಿನ ಮೂಲದ ಪದಗಳನ್ನೂ ಸರಿಯಾಗಿ ನೋಡಿಕೋ. ಮಾಳಿಗೆಯ ಪದವನ್ನೇ ಸವೆದ ಕ್ಯಾಸೆಟ್ಟಿನಲ್ಲಿ ಕೇಳಿ, ‘ಹರಕು ಚಪ್ಪರ’ವನ್ನು ನಾನು ‘ಹರಕೆ ಚಪ್ಪರ’ ಎಂದುಕೊಂಡಿದ್ದೆ. ಹರಕೆ ಹೊತ್ತ ಭಕ್ತ, ತೀರದ ಋಣ ಎಂದು ಎರಡು ಪುಟ ಬರೆದೆ. ಅದು ಅಚ್ಚೂ ಆಯಿತು. ಊರಿನ ಭಜನೆಯಲ್ಲಿ ಏಕತಾರಿ ಹಿಡಿದಿದ್ದ ಮುದುಕರೊಬ್ಬರು ಓದಿಸಿ ಕೇಳಿ, ‘ಚಪ್ಪರ ಹರಿದದ್ದೂ ಕಾಣಲಿಲ್ಲವೇ ನಿಮಗೆ?’ ಎಂದರು. ಅಷ್ಟೇ. ಆ ಸಂಚಿಕೆಯನ್ನು ಇಂದಿಗೂ ನಾನು ಯಾರಿಗೂ ತೋರಿಸಿಲ್ಲ.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ. ಮೊದಲ ಪುಟ ಇರಲಿ, ಚೆನ್ನಾಗಿದೆ. ಮೂಳೆಗಳನ್ನೆಲ್ಲ ತೆಗೆ. ಶಿಶುನಾಳಕ್ಕೆ ಹೋಗಬೇಕೆಂದು ಬರೆದಿದ್ದೀಯಲ್ಲ, ಆಷಾಢದಲ್ಲೇ ಹೋಗು. ದಾರಿಯಲ್ಲಿ ಯಾವುದಾದರೂ ಹಳೆಯ ಮಾಳಿಗೆ ಮನೆ ಸಿಕ್ಕರೆ, ಸೋರುವ ಕಡೆಗೆ ಅವರು ಯಾವ ಪಾತ್ರೆ ಇಡುತ್ತಾರೆಂದು ನೋಡಿ ನನಗೆ ಬರೆ.

ಇತಿ,
ನಿನ್ನ ಅಣ್ಣ